ನೀಲವ್ವನ ಹಗುರ ಕೈ

ಫಿನಾಯಿಲ್ ವಾಸನೆ ಇನ್ನೂ ವೇಲಿಗೆ ಅಂಟಿಕೊಂಡಿದೆ, ಬಸ್ಸು ಚಂದಾಪುರಕ್ಕೆ ಬಂದರೂ ಬಿಟ್ಟಿಲ್ಲ, ಎಂಥ ದೊಡ್ಡ ಆಸ್ಪತ್ರೆ, ನೆಲದಲ್ಲಿ ಮುಖ ಕಾಣುತ್ತಿತ್ತು, ನರ್ಸ್ ಕೆಲಸ ಕೇಳಿ ಹೋದರೆ ಆ ಮೇಡಂ ತಲೆ ಎತ್ತದೆಯೇ ಕೇಳಿದರಲ್ಲ, ನಿಮ್ದು ನರ್ಸಿಂಗ್ ಜಿಎನ್‌ಎಮ್ಮಾ ಬಿಎಸ್ಸಿನಾ, ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ನಂಬರ್ ಹೇಳಿ — ಒಂದು ವರ್ಷದ ಕೋರ್ಸ್ ಅಂದೆ, ಆಗ ತಲೆ ಎತ್ತಿದರು, ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು, ಅದು ನರ್ಸಿಂಗ್ ಅಲ್ಲಮ್ಮ, ಹೆಲ್ಪರ್ ಕೆಲ್ಸಕ್ಕೆ ಬೇಕಾದ್ರೆ ಬನ್ನಿ. ಇವತ್ತು ಪಕ್ಕದ ಮನೆ ಹನುಮವ್ವನಿಗೆ ಇಂಜೆಕ್ಷನ್ ಬೇರೆ ಕೊಡಬೇಕು, ವಠಾರದಲ್ಲಿ ಕುಪ್ಪಸದ ತೋಳು ಮೇಲೇರಿಸಿ ಕಾಯುತ್ತಿರುತ್ತಾಳೆ, ಕೈ ಚಾಚಿಕೊಂಡು — ಕೋರ್ಸ್ ಮುಗಿದ ದಿನ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಮೇಣದಬತ್ತಿ ಹಿಡಿಸಿ ಪ್ರಮಾಣ ಮಾಡಿಸಿದ್ದರಲ್ಲ, ಬಿಳಿ ಟೋಪಿ ತೊಡಿಸಿದ್ದರಲ್ಲ, ಅವ್ವ ಊರಿಂದ ಹೋಳಿಗೆ ಕಟ್ಟಿಕೊಂಡು ಬಂದು ಮೊದಲ ಸಾಲಿನಲ್ಲಿ ಅತ್ತಿದ್ದಳಲ್ಲ, ಎಲ್ಲಾ ಒಂದೇ ಕಣಮ್ಮ, ಬಿಎಸ್ಸಿ ಮಾಡ್ದೋರಿಗೂ ನಿಮ್ಗೂ ಏನ್ ವ್ಯತ್ಯಾಸ ಎಂದಿದ್ದರು ಕೋರ್ಸ್ ನಡೆಸುವ ಪರಮಾನಂದ ಸರ್, ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗಾದೆ ಗೊತ್ತಿತ್ತು, ಆದರೂ ನಂಬಿದೆ, ಟೋಪಿ ಅಷ್ಟು ಬೆಳ್ಳಗಿತ್ತು. ಬಿಎಸ್ಸಿಗೆ ಪಿಯುಸಿಯಲ್ಲಿ ಸೈನ್ಸ್ ಬೇಕು, ನನ್ನದು ಆರ್ಟ್ಸ್, ಜಿಎನ್‌ಎಂಗೆ ಸೇರಬಹುದು, ಮೂರು ವರ್ಷ, ಪರೀಕ್ಷೆ ಪಾಸಾಗಿ ಕೌನ್ಸಿಲ್‌ನಲ್ಲಿ ಹೆಸರು ಹತ್ತಿದರೆ ಮಾತ್ರ ನರ್ಸ್, ಅಂದರೆ ಮತ್ತೆ ಮೊದಲಿನಿಂದ, ಜೊತೆಯವರು ಮಕ್ಕಳನ್ನು ಶಾಲೆಗೆ ಬಿಡುವಾಗ ನಾನೇ ಶಾಲೆಗೆ, ಅವ್ವನಿಗೆ ಏನಂತ ಹೇಳಲಿ.

ಹನುಮವ್ವ ಬಾಗಿಲಲ್ಲೇ ಕೂತಿದ್ದಾಳೆ, ಗಾರೆ ಕೆಲಸದಿಂದ ನೇರ ಬಂದವಳು, ಡಾಕ್ಟರು ಬರೆದ ಇಂಜೆಕ್ಷನ್ ಮಡಿಲಲ್ಲಿ, ಬಂದ್ಯಾ ನೀಲವ್ವಾ, ನಿನ್ನ ಕೈ ಭಾಳ ಹಗುರ ಐತಿ, ಚುಚ್ಚಿದ್ದ ಗೊತ್ತಾಗಂಗಿಲ್ಲ. ಹೋದ ವಾರವೂ ಕೊಟ್ಟೆ, ಏನೂ ಆಗಲಿಲ್ಲ — ಆಗಿದ್ದರೆ? ಮೈ ಊದಿ ಉಸಿರು ಕಟ್ಟಿದ್ದರೆ ಮೊದಲು ಏನು ಮಾಡಬೇಕು, ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ, ಅದನ್ನು ಯಾರೂ ಕಲಿಸಲಿಲ್ಲ, ಆ ಮೂರು ವರ್ಷ ಯಾಕೆ ಬೇಕು ಅಂತ ಈಗ ತಿಳಿದು ಭಯವಾಗುತ್ತಿದೆ. ನಡಿ ಹನುಮವ್ವ, ಕ್ಲಿನಿಕ್ಕಿಗೆ ಹೋಗೂಣು, ನಾ ಚುಚ್ಚಂಗಿಲ್ಲ, ನಾ ನರ್ಸ್ ಅಲ್ಲ — ಹೇಳಿಯೇಬಿಟ್ಟೆ, ಅವ್ವನಿಗಿಂತ ಮೊದಲು ಇವಳಿಗೆ. ಅವಳು ನಗುತ್ತಾಳೆ, ಸುಮ್ನಿರ ಹುಡುಗಿ, ಟೋಪಿ ಹಾಕ್ಕೊಂಡ ಫೋಟೋ ನಾ ನೋಡಿಲ್ಲೇನು — ಕೈ ಮಾತ್ರ ಕೆಳಗಿಳಿಸಿಲ್ಲ, ಮೇಲೇರಿಸಿದ ಹಸಿರು ಕುಪ್ಪಸದ ತೋಳು, ಸಿಮೆಂಟಿಗೆ ಬಿರಿದ ಮುಂಗೈ, ಆ ಕೈ, ನನ್ನನ್ನು ನಂಬಿ ಚಾಚಿದ ಆ ಕೈ —