ಹೆರಿಗೆ ಕೋಣೆಯ ಹಸಿರು ಚೀಟಿ

"ಒಂದೇ ಗುದ್ದು ಸಾರ್! ಬರೀ ಕೈಲಿ! ಬೀಗ ಪುಡಿಪುಡಿ. ಚಿಲಕ ಹಾರಿಹೋಗಿ ಪಕ್ಕದೂರಲ್ಲಿ ಬಿತ್ತು. ಬಾಗಿಲು ಇದೆಯಲ್ಲ, ಅದೇ ಹೆದರ್ಕೊಂಡು ಪಕ್ಕಕ್ಕೆ ಸರ್ದು, 'ಬನ್ನಿ ಅಣ್ಣಾ, ಒಳಗೆ ಬನ್ನಿ' ಅಂತು."

ತಪಾಸಣೆಗೆ ಬಂದ ಅಧಿಕಾರಿಯ ಮುಂದೆ, ಆಸ್ಪತ್ರೆಯ ಜಗಲಿಯಲ್ಲಿ ಸೇರಿದ್ದ ಸಭೆ ಗೊಳ್ಳೆಂದು ನಕ್ಕಿತು. ಇಟ್ಟಿಗೆ ಗೂಡಿನ ಧಣಿ ಮಾತ್ರ ನಗಲಿಲ್ಲ. ಆರೋಗ್ಯ ಉಸ್ತುವಾರಿ ಸಮಿತಿಗೂ ಅವನೇ ಅಧ್ಯಕ್ಷ.

"ಮುಚ್ಚೋ ಬಾಯಿ, ಬೋಳಿಮಗನೆ! ಸರ್ಕಾರದ ಬೀಗ ಒಡ್ದಿದೀಯ. ಜೈಲಿಗೆ ಹೋಗ್ತೀಯ, ತಿಳೀತಾ?"

"ಹೋಗೋಣ ಬಿಡಿ ಧಣಿ. ಜೈಲಿನೋರು ಮೂರು ವರ್ಷದಿಂದ ನನ್ನ ದಾರಿ ಕಾಯ್ತಾ ಕೂತಿದಾರೆ."

ಎಲ್ಲರೂ ಬಡಾಯಿ ಎಂದೇ ಕರೆಯುವ ಈ ಗೂಡಿನ ಕೂಲಿಯವನು ಸುಳ್ಳು ಹೇಳುತ್ತಿದ್ದಾನೆಂದು ಜಗಲಿಯ ಕಂಬಕ್ಕೂ ಗೊತ್ತಿತ್ತು. ತಾನು ಹೊತ್ತ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ತಾಗುತ್ತವೆ, ಮಿಕ್ಕಿದ್ದರಲ್ಲಿ ಇಳಿದು ಬರಲು ಮೆಟ್ಟಿಲು ಕಟ್ಟಬಹುದು ಎಂದು ಲೆಕ್ಕ ಒಪ್ಪಿಸಿದವನು ಅವನು. ಅವನ ನಾಲಿಗೆಯ ಮುಂದೆ ಗೂಡಿನ ಬೆಂಕಿಯೂ ತಣ್ಣಗೆ.

ಆ ನಾಲಿಗೆಗಾಗಿಯೇ ಅವನು ಸಮಿತಿಗೆ ಬಂದಿದ್ದ. ಊರಿನ ಜನರೇ ಊರಿನ ಆಸ್ಪತ್ರೆಯ ಮೇಲೆ ಕಣ್ಣಿಡಬೇಕು, ಕೂಲಿಯವರಲ್ಲೂ ಒಬ್ಬ ಸದಸ್ಯನಿರಬೇಕು ಎಂದು ಮೇಲಿನಿಂದ ಆದೇಶ ಬಂದಾಗ ಗೂಡಿನ ಹೆಂಗಸರು ಅವನನ್ನು ಸುತ್ತುಗಟ್ಟಿದರು. "ಇಷ್ಟು ವರ್ಷ ನಮ್ಮ ಕಿವಿ ತಿಂದಿದೀಯ. ಆ ಗಂಟಲನ್ನ ಒಂದು ಸಲ ಕೆಲಸಕ್ಕೆ ಹಾಕು," ಎಂದರು.

ಕೆಲಸ ಯಾವುದೆಂದು ಯಾರೂ ಹೇಳಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಅವನ ಸೊಸೆ ನೋವು ತಿನ್ನುತ್ತಾ ಇದೇ ಆಸ್ಪತ್ರೆಗೆ ಬಂದಾಗ ಹೆರಿಗೆ ಕೋಣೆಗೆ ಬೀಗ ಬಿದ್ದಿತ್ತು. ಒಳಗೆ ಧಣಿಯ ಸಿಮೆಂಟು ಮೂಟೆಗಳು ಬೆಚ್ಚಗೆ ಮಲಗಿದ್ದವು. ಮಗು ಮೆಟ್ಟಿಲ ಮೇಲೆ ಹುಟ್ಟಿತು, ಮೆಟ್ಟಿಲ ಮೇಲೇ ಹೋಯಿತು.

ಮೂರು ತಿಂಗಳ ಹಿಂದೆ, ಮೊದಲ ಸಭೆ ಮುಗಿಸಿ ಬಡಾಯಿ ಗೂಡಿಗೆ ಬಂದದ್ದು ಯುದ್ಧ ಗೆದ್ದವನ ಹಾಗೆ.

"ಮೇಜು ಗುದ್ದಿದೆ ನೋಡಿ, ಎರಡು ಹೋಳು! ನಾನು ಒಂದು ಸಲ ಕೆಮ್ಮಿದ್ರೆ ಡಾಕ್ಟ್ರು ಎದ್ದು ನಿಲ್ತಾರೆ. ಎರಡು ಸಲ ಕೆಮ್ಮಿದ್ರೆ ಅವರೇ ಗುಳಿಗೆ ನುಂಗ್ತಾರೆ. ಕೋಣೆ ಬೀಗ ತೆಗೆಸ್ಬಿಟ್ಟೆ!"

ಡಾಕ್ಟರು ಗುಳಿಗೆ ನುಂಗಿದ್ದನ್ನು ಯಾರೂ ನಂಬಲಿಲ್ಲ. ಬೀಗ ತೆಗೆಸಿದ್ದನ್ನು ಸೊಸೆ ನಂಬಿದಳು. ಅವಳಿಗಾಗ ಆರು ತಿಂಗಳು.

ಇಪ್ಪತ್ತು ದಿನದ ಹಿಂದೆ, ಸುಡುಬಿಸಿಲಲ್ಲಿ ಹಸಿ ಇಟ್ಟಿಗೆ ಮಗುಚುತ್ತಿದ್ದವಳು ಹಾಗೇ ಕುಕ್ಕರಿಸಿದಳು. ಗಂಡ ಲಾರಿಯ ಜೊತೆ ಇಟ್ಟಿಗೆ ಇಳಿಸಲು ಹೋಗಿದ್ದ. ರಸ್ತೆಯಲ್ಲಿ ಪಟ್ಟಣದ ಬಸ್ಸು ನಿಂತಿತ್ತು.

"ಬಸ್ಸಿಗೆ ಹತ್ತಮ್ಮಾ, ಪಟ್ಟಣದ ಆಸ್ಪತ್ರೆಗೇ ಹೋಗಿಬಿಡೋಣ," ಎಂದ ಮಾವ.

"ಇಲ್ಲೇ ಇದೆಯಲ್ಲ ಮಾವ. ನೀವೇ ತೆಗೆಸಿದೀರಲ್ಲ."

ಆಗ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಊರಿಗೆಲ್ಲ ಮಾತು ಹಂಚುವವನಿಗೆ ಆ ಒಂದು ಮಾತು ಸಿಗಲಿಲ್ಲ. ಇಟ್ಟಿಗೆ ತಳ್ಳುವ ಗಾಡಿಯಲ್ಲಿ ಸೊಸೆಯನ್ನು ಕೂರಿಸಿಕೊಂಡು ಆಸ್ಪತ್ರೆಯ ಕಡೆಗೇ ತಳ್ಳಿದ. ಬಸ್ಸು ಹೊರಟುಹೋಯಿತು.

ಬಾಗಿಲಲ್ಲಿ ಬೀಗ ನೇತಾಡುತ್ತಿತ್ತು. "ಕೀ ಧಣಿ ಹತ್ರ, ಧಣಿ ಊರಲ್ಲಿಲ್ಲ," ಎಂದು ಕಾಂಪೌಂಡರ್ ಊಟಕ್ಕೆ ಎದ್ದ.

ಆಮೇಲೆ ಬೀಗ ಒಡೆಯಿತು. ಮಗು ಸಿಮೆಂಟು ಮೂಟೆಗಳ ಮೇಲೆ ಹುಟ್ಟಿತು, ಬೂದಿಯಲ್ಲಿ ಹೊರಳಿದ ಬೆಕ್ಕಿನ ಮರಿಯ ಹಾಗೆ. ಬದುಕಿತು. ಈಗ ಜಗಲಿಯ ನೆಲದಲ್ಲಿ ಕೂತ ಸೊಸೆಯ ಮಡಿಲಲ್ಲಿ ಕೆಮ್ಮುತ್ತಿತ್ತು.

ಮೇಲಿನಿಂದ ಬಂದ ಅಧಿಕಾರಿ ಗೋಡೆಯ ಮೇಲಿನ ದೊಡ್ಡ ಪಟ್ಟಿಯತ್ತ ಪೆನ್ನು ತೋರಿಸಿದರು. ಒಂದೊಂದು ಸೌಲಭ್ಯದ ಎದುರೂ ಜನರೇ ಚೀಟಿ ಅಂಟಿಸಬೇಕು: ಇದ್ದರೆ ಹಸಿರು, ಅರ್ಧಂಬರ್ಧ ಇದ್ದರೆ ಹಳದಿ, ಇಲ್ಲದಿದ್ದರೆ ಕೆಂಪು. ಪಟ್ಟಿ ತುಂಬಾ ಹಸಿರು. ಹುಲ್ಲುಗಾವಲೆಂದು ದನ ನುಗ್ಗಬೇಕು, ಅಷ್ಟು.

"ಹೆರಿಗೆ ಕೋಣೆ ಸದಾ ತೆರೆದಿದೆ. ಹಸಿರು. ಅಂಟಿಸಿದ್ದು ಕೂಲಿಯವರ ಸದಸ್ಯನೇ, ಹೆಬ್ಬೆಟ್ಟೂ ಇದೆ. ಮತ್ತೆ ಈ ಹೆಂಗಸು ಯಾವಾಗಲೂ ಬೀಗ ಇರ್ತಿತ್ತು ಅಂತ ಅರ್ಜಿ ಕೊಟ್ಟಿದಾಳಲ್ಲ?"

"ಸುಳ್ಳು ಸಾರ್," ಎಂದ ಧಣಿ. "ಅವತ್ತೊಂದು ದಿನ ಬೀಗ ಹಾಕಿತ್ತು. ಸಿಮೆಂಟು ಕದಿಯೋಕೆ ಒಡ್ದವ್ರೆ. ಬರೆದ್ಕೊಳ್ಳಿ. ಇಬ್ಬರನ್ನೂ ಪೊಲೀಸಿಗೆ ಕೊಡಿ."

"ಇಬ್ಬರು ಯಾಕೆ ಧಣಿ? ನಾನೊಬ್ನೇ! ಒಂದೇ ಗುದ್ದು ಅಂದೆನಲ್ಲ!"

"ಕೈ ತೋರಿಸು," ಎಂದರು ಅಧಿಕಾರಿ.

ಬಡಾಯಿ ಎರಡೂ ಅಂಗೈ ಚಾಚಿದ. ಇಟ್ಟಿಗೆಯ ಕೆಂಪು ಧೂಳು, ಹಳೆಯ ಜಡ್ಡು. ಒಂದು ತರಚುಗಾಯವೂ ಇರಲಿಲ್ಲ. ಸಭೆ ಮತ್ತೆ ನಕ್ಕಿತು.

"ಸಾಕು ಮಾವ," ಎಂದಳು ಸೊಸೆ. ಬಲಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಎರಡು ಬೆರಳಿಗೆ ಉಗುರಿರಲಿಲ್ಲ. "ನಾನು ಒಡ್ದಿದ್ದು ಸಾರ್. ಗಾಡೀಲಿದ್ದ ಇಟ್ಟಿಗೆ ತಗೊಂಡು. ನೋವು ಬಂದಾಗ ನಿಲ್ಲಿಸ್ತಿದ್ದೆ, ಹೋದಾಗ ಹೊಡೀತಿದ್ದೆ. ಇವರು ಮೆಟ್ಟಿಲ ಮೇಲೆ ಕೂತು ಅಳ್ತಿದ್ರು. ಪೊಲೀಸಿಗೆ ಕೊಡೋದಾದ್ರೆ ನನ್ನನ್ನ ಕೊಡಿ."

ನಗು ನಿಂತಿತು. ಅವಳು ಗೋಡೆಯತ್ತ ನೋಡಿದಳು.

"ಆ ಹಸಿರು ಯಾರು ಅಂಟಿಸಿದ್ದು ಮಾವ?"

ಧಣಿ ಮುಗುಳ್ನಕ್ಕ. "ಹೇಳೋ ಸದಸ್ಯ. ಇವತ್ತೂ ಕುರ್ಚಿ ಹಾಕಿಸಿದೀನಲ್ಲ, ಆರಾಮಾಗಿ ಕೂತ್ಕೊಂಡೇ ಹೇಳು."

ಬಡಾಯಿ ಕುರ್ಚಿಯಿಂದ ಎದ್ದ. ಗೋಡೆಯ ಹತ್ತಿರ ಹೋಗಿ ಹೆಬ್ಬೆರಳಿನ ಉಗುರಿನಿಂದ ಹಸಿರು ಚೀಟಿ ಕೆರೆದ. ಚೀಟಿ ಬರಲಿಲ್ಲ, ಪಟ್ಟಿಯೇ ಹರಿದು ಬಂತು. ಹಿಂದೆ ಸುಣ್ಣ ಉದುರಿದ ಗೋಡೆ.

"ನಾನೇ," ಎಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ಗೂಡಿನವರು ಯಾರೂ ಕೇಳಿರಲಿಲ್ಲ. "ಮೊದಲ್ನೇ ಸಭೆ ದಿನಾನೂ ಬೀಗ ಇತ್ತು. ಕಣ್ಣಾರೆ ನೋಡಿದ್ದೆ. ಕಾಂಪೌಂಡರ್ ಕೊಟ್ಟ ಚೀಟಿ ಹಾಳೇಲಿ ಹಸಿರು ಬಿಟ್ಟು ಬೇರೆ ಇರ್ಲಿಲ್ಲ. ಕೆಂಪು ಕೊಡಿ ಅನ್ಬೇಕಿತ್ತು. ಅನ್ಲಿಲ್ಲ."

"ಯಾಕೆ ಅನ್ಲಿಲ್ಲ?" ಎಂದಳು ಸೊಸೆ.

"ಧಣಿ ಎದುರಿಗೆ ನಂಗೂ ಒಂದು ಕುರ್ಚಿ ಹಾಕಿದ್ರಮ್ಮಾ. ಹುಟ್ಟಿದಮೇಲೆ ಮೊದಲ್ನೇ ಸಲ. ಕೆಂಪು ಕೇಳಿದ್ರೆ ಎದ್ದೇಳು ಅಂತಾರೇನೋ ಅಂತ..."

ಮಗು ಕೆಮ್ಮಿತು. ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ಮೇಜು ಮುಟ್ಲೂ ಇಲ್ಲ ಕಣಮ್ಮಾ," ಎಂದ ಬಡಾಯಿ.