ಇಲ್ಲಿ ಲಿನಕ್ಸ್ ರಿಪೇರಿ ಮಾಡಲಾಗುತ್ತದೆ

ನಮ್ಮ ಊರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು: ಫಾರ್ಮ್ಯಾಟ್. ಸದ್ದು ಬರದಿದ್ದರೂ ಫಾರ್ಮ್ಯಾಟ್, ನಿಧಾನವಾದರೂ ಫಾರ್ಮ್ಯಾಟ್. ಡಿಸ್ಕ್ ಒರೆಸಿ, ಎಲ್ಲರೂ ಬಳಸುವ ಸಿಸ್ಟಮ್ಮಿನ ಕಳ್ಳಪ್ರತಿಯೊಂದನ್ನು ತುಂಬಿ ಕಳಿಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ‘ಮಾಮೂಲಿ’. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಇರುವ ಕಂಪ್ಯೂಟರ್ ಹೊತ್ತುಕೊಂಡು ಹೋದರೆ, ಸತ್ತ ಇಲಿ ತಂದವರನ್ನು ನೋಡಿದ ಹಾಗೆ ನೋಡುತ್ತಾರೆ.

ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ. ಲಿನಕ್ಸ್ ಬಳಸುವ ಇನ್ನು ಕೆಲವರ ಜೊತೆ ಸೇರಿ ಈ ಅಂಗಡಿಗಳನ್ನೆಲ್ಲ ಹತ್ತಿ ಇಳಿದೆ. ಲಿನಕ್ಸ್ ರಿಪೇರಿ ಪುಕ್ಕಟೆ ಕಲಿಸುತ್ತೇವೆ, ಸಿಕ್ಕಿಹಾಕಿಕೊಂಡರೆ ಫೋನ್ ಮಾಡಿ, ಗಿರಾಕಿಗಳನ್ನೂ ನಾವೇ ಕಳಿಸುತ್ತೇವೆ ಎಂದೆವು. “ಬಂದ್ಳಪ್ಪಾ ಲಿನಕ್ಸಮ್ಮ,” ಅಂತ ಒಬ್ಬ ಷಟರನ್ನೇ ಅರ್ಧ ಎಳೆದುಬಿಟ್ಟ. ಒಪ್ಪಿದ್ದು ಒಂದೇ ಅಂಗಡಿ. ಅದು ನಮ್ಮ ಭಾವನದು.

ಭಾವ ಮೊದಲ ಪಾಠದಲ್ಲೇ ಪ್ರಿಂಟರಿಗೆ ತಲೆ ಕೊಟ್ಟು ನಿದ್ದೆ ಹೋದರು. ಕಲಿತವಳು ಅಕ್ಕ. ಮದುವೆಯಾದಾಗಿನಿಂದ ಕೌಂಟರಿನಲ್ಲಿ ಬಿಲ್ ಹರಿಯುವುದು ಬಿಟ್ಟರೆ ಅವಳಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. ಏಳದೇ ಹೋದ ಕಂಪ್ಯೂಟರನ್ನು ಪೆನ್‌ಡ್ರೈವಿನಿಂದ ಎಬ್ಬಿಸುವುದು, ಒಳಗಿರುವುದನ್ನು ಮುಟ್ಟದೆ ಸರಿಮಾಡುವುದು, ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿದಳು. ಡಿಸ್ಕನ್ನು ಎರಡು ಭಾಗ ಮಾಡಿ, ಗಿರಾಕಿಯ ಫೈಲುಗಳಿಗೆ ಬೇರೆ ಜಾಗ ಇಟ್ಟು ಅದಕ್ಕೆ ‘ಕೆಲಸ’ ಅಂತ ಹೆಸರಿಡುವುದು ನನ್ನ ಅಭ್ಯಾಸ. ಅದನ್ನೂ ಕಲಿತಳು. “ನೋಡೇ, ನಿಮ್ಮ ಭಾವನಿಗಿಂತ ನಾನೇ ವಾಸಿ,” ಅಂದಳು. ನಾನು ಉಬ್ಬಿಹೋದೆ. ಅಂಗಡಿಯ ಗಾಜಿಗೆ ‘ಇಲ್ಲಿ ಲಿನಕ್ಸ್ ರಿಪೇರಿ ಮಾಡಲಾಗುತ್ತದೆ’ ಎಂಬ ನಮ್ಮ ಸ್ಟಿಕರನ್ನು ನಾನೇ ಅಂಟಿಸಿದೆ.

ಆ ಸ್ಟಿಕರ್ ನಂಬಿ ಹೋದವರಲ್ಲಿ ನಕ್ಷೆ ಆಂಟಿ ಒಬ್ಬರು. ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುತ್ತಾರೆ. ಅವರ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದವಳು ನಾನೇ. ಸಣ್ಣಪುಟ್ಟ ಮನೆಗಳನ್ನೇ ಬರೆದುಕೊಂಡಿದ್ದವರಿಗೆ ಈಗ ಒಂದು ಶಾಲೆಯ ಕಟ್ಟಡ ಸಿಕ್ಕಿತ್ತು. ನಕ್ಷೆ ಮುಗಿಯುತ್ತ ಬಂದಿತ್ತು. ಕರೆಂಟು ಹೋಗಿ ಬಂದ ಮೇಲೆ ಕಂಪ್ಯೂಟರ್ ಏಳಲಿಲ್ಲ. ನಾನು ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ. “ಅಕ್ಕನ ಹತ್ರ ಕೊಡಿ ಆಂಟಿ, ಚಿಟಿಕೆ ಹೊಡೆಯೋದ್ರಲ್ಲಿ ಮಾಡಿಕೊಡ್ತಾಳೆ,” ಎಂದೆ.

ಆಮೇಲೆ ಆಂಟಿಯ ಫೋನು. “ನಿನ್ನ ಲಿನಕ್ಸು ಡಿಸ್ಕಲ್ಲಿದ್ದದ್ದನ್ನೆಲ್ಲ ತಿಂದು ಹಾಕಿದೆಯಂತಲ್ಲೇ. ಮಾಮೂಲಿ ಹಾಕಿಕೊಟ್ಟಿದ್ದಾರೆ. ಸ್ಕೂಲಿನ ನಕ್ಷೆ ಇಲ್ಲ. ಕಂಟ್ರಾಕ್ಟರು ಬೇರೆಯವರಿಗೆ ಕೊಟ್ಟುಬಿಡ್ತೀನಿ ಅಂತಿದಾನೆ.”

“ಆಂಟಿ, ಅದನ್ನ ಆರಿಸಿಬಿಡಿ. ಒಂದಕ್ಷರನೂ ಹೊಸದಾಗಿ ಬರೀಬೇಡಿ, ಬರೆದ್ರೆ ಅಳಿಸಿಹೋದದ್ದರ ಮೇಲೆ ಕೂತುಬಿಡುತ್ತೆ. ಬಂದೆ.”

ಕಂಪ್ಯೂಟರನ್ನು ಲ್ಯಾಬಿಗೆ ಹೊತ್ತು ತಂದು ಪರೀಕ್ಷೆ ಮಾಡಿದೆ. ಡಿಸ್ಕ್ ಕಲ್ಲುಗುಂಡಿನ ಹಾಗಿತ್ತು, ಒಂದು ದೋಷವಿಲ್ಲ. ಎಲ್ಲ ಒರೆಸಿ ಹೊಸದಾಗಿ ಎರಡು ಭಾಗ ಮಾಡಿದ್ದರು. ಮೊದಲನೆಯದರಲ್ಲಿ ಮಾಮೂಲಿ. ಎರಡನೆಯದರ ಹೆಸರು ‘ಕೆಲಸ’. ತೆರೆದೆ. ಖಾಲಿ.

ಭಾವನಿಗೆ ಡಿಸ್ಕನ್ನು ಎರಡು ಮಾಡುವ ಸಹನೆಯೇ ಇಲ್ಲ.

ಅಂಗಡಿಗೆ ಹೋದಾಗ ಇಬ್ಬರೂ ಇದ್ದರು. ನಾನು ಡಿಸ್ಕಿನ ಮಾತೆತ್ತಿದ ಕೂಡಲೇ ಭಾವ ಎದ್ದು ನಿಂತರು. “ಅದು ನಾನು ಕಣಮ್ಮ. ಕೈತಪ್ಪಿ ಆಗೋಯ್ತು.”

“ಸುಮ್ನಿರ್ರೀ, ನಿಮಗೆಲ್ಲಿ ಬರುತ್ತೆ ಅದು,” ಅಂದಳು ಅಕ್ಕ. “ನಾನೇ ಕಣೇ ಒತ್ತಿದ್ದು.”

“ಗೊತ್ತಿಲ್ದೆ?”

“ಗೊತ್ತಿದ್ದೇ. ಪೆನ್‌ಡ್ರೈವಲ್ಲಿ ಎಬ್ಬಿಸಿ ನೋಡಿದೆ. ಎಲ್ಲಾ ಇತ್ತು. ಮೆಟ್ಟಿಲು, ಕಿಟಕಿ, ಎಷ್ಟು ಚೆನ್ನಾಗಿ ಬರೆದಿದ್ರು ಅಂತೀಯಾ.”

ಅವಳೇ ಮುಂದುವರಿಸಿದಳು. “ಮೊದಮೊದಲು ನೀನು ಹೇಳಿದ ಹಾಗೇ ಮಾಡಿದೆ. ಸರಿಹೋದವರು ಒಬ್ಬರಾದ್ರೂ ತಿರುಗಿ ಈ ಕಡೆ ತಲೆ ಹಾಕಿದ್ರಾ? ಮಾಮೂಲಿ ಹಾಕಿಸ್ಕೊಂಡವರು ವೈರಸ್ ಅಂತ ಬರ್ತಾರೆ, ನಿಧಾನ ಅಂತ ಬರ್ತಾರೆ. ಅಂಗಡಿ ನಡೀತಿರೋದು ಅವರಿಂದ. ನಿನಗೇನು, ತಿಂಗಳಾದ್ರೆ ಸಂಬಳ.”

“ಹಾಗಾದ್ರೆ ನಾನು ಕಳಿಸಿದವರಿಗೆಲ್ಲಾ?”

“ಆಮೇಲೆ ಬಂದವರಿಗೆಲ್ಲಾ ಮಾಮೂಲಿನೇ.”

“ಫೈಲಾದ್ರೂ ತೆಗೆದಿಡಬಾರದಿತ್ತೇನೇ?”

“ಬೇರೆಯವರದ್ದು ತೆಗೆದಿಟ್ಟು ಕೊಟ್ಟೆ. ಈಯಮ್ಮ ಲಿನಕ್ಸೇ ಬೇಕು ಅಂತ ಹಟ ಹಿಡಿದಿದ್ರು. ಫೈಲು ಕೈಗೆ ಕೊಟ್ಟಿದ್ರೆ ಲಿನಕ್ಸು ತಿಂತು ಅಂತ ಹೇಗೆ ಹೇಳೋದು?”

ಇದನ್ನು ಅವಳು ಅಡುಗೆಗೆ ಉಪ್ಪು ಯಾಕೆ ಹಾಕಬೇಕು ಅನ್ನುವಷ್ಟು ಸಲೀಸಾಗಿ ಹೇಳಿದಳು. ನಾನು ಗಾಜಿನ ಮೇಲಿನ ಸ್ಟಿಕರಿಗೆ ಉಗುರು ಹಾಕಿದೆ. ಅರ್ಧ ಬಂತು, ಅರ್ಧ ಅಲ್ಲೇ ಉಳಿಯಿತು. ಹಿಂದಿನಿಂದ ಅಕ್ಕ, “ಡಿಸ್ಕೇ ಕೆಟ್ಟಿತ್ತು ಅಂದ್ಬಿಡೇ. ಒಡಹುಟ್ಟಿದವಳ ಮಾನ ತೆಗೀಬೇಡ,” ಅಂದಳು.

ಒರೆಸಿದ ಡಿಸ್ಕಿನಿಂದ ಎಷ್ಟು ಕೆದಕಿದರೂ ಬಂದದ್ದು ಚೂರುಪಾರು. ಶಾಲೆಯ ಒಂದು ಕಾರಿಡಾರು, ನೀರಿನ ಪೈಪುಗಳ ಹಾಳೆ, ಯಾವುದೋ ಹಳೆಯ ಮನೆಯ ಬಾಗಿಲು. ಉಳಿದದ್ದರ ಮೇಲೆ ಮಾಮೂಲಿ ಕೂತಿತ್ತು.

ಮನೆಗೆ ಹೋದಾಗ ಆಂಟಿ ಮೇಜಿನ ಮೇಲೆ ದೊಡ್ಡ ಹಾಳೆ ಹರವಿ, ನೆನಪಿನಿಂದ ಪೆನ್ಸಿಲಿನಲ್ಲಿ ಗೋಡೆಗಳನ್ನು ಎಳೆಯುತ್ತಿದ್ದರು. ಕಂಪ್ಯೂಟರನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಅಕ್ಕ ನಕ್ಷೆಯನ್ನು ಕಣ್ಣಾರೆ ನೋಡಿಯೇ ಒರೆಸಿದ್ದನ್ನೂ ಬಿಡಲಿಲ್ಲ. ಅವರು ಗೆರೆ ನಿಲ್ಲಿಸಲಿಲ್ಲ.

“ಅಷ್ಟು ಸಲೀಸಾಗಿ ಒರೆಸೋದು ಅವಳಿಗೆ ಯಾರು ಕಲಿಸಿದ್ರು?”

“ನಾನೇ.”

“ಹೂಂ.”

“ಆಂಟಿ, ಲಿನಕ್ಸ್ ತಿರುಗಿ ಹಾಕಿಕೊಡ್ತೀನಿ. ಇನ್ನು ಮೇಲೆ ಅಂಗಡಿಗೆ ಹೋಗೋದೇ ಬೇಡ, ನಾನೇ ಬಂದು ನೋಡ್ಕೋತೀನಿ.”

“ಬೇಡಮ್ಮ, ಮಾಮೂಲಿನೇ ಇರಲಿ. ಕೆಟ್ರೆ ಯಾವ ಅಂಗಡಿಗಾದ್ರೂ ಕೊಡಬಹುದು. ನಿಮ್ಮ ಮನೆಯವರ ಕೈಗೇ ಕೊಡಬೇಕು ಅಂತೇನೂ ಇರಲ್ಲ.”

ನಾನು ಅಲ್ಲೇ ನಿಂತಿದ್ದೆ. ಅವರು ಸ್ಕೇಲು ಎತ್ತಿಕೊಂಡು, “ಬೆಳಕಿಗೆ ಅಡ್ಡ ಆಗ್ತಿದ್ದೀಯ, ಪಕ್ಕಕ್ಕೆ ಸರಿ,” ಅಂದರು.