ಊರಿನ ಪೊಲೀಸಾಗಿದ್ದ ನಮ್ಮ ಭಾವ

ನಮ್ಮ ಭಾವ ಅದಿಸಾ ಓಕೆ-ಅಪಾಟಾ ಎಂಬ ಊರಿನಲ್ಲಿ ಪೊಲೀಸಾಗಿದ್ದರು. ಸರ್ಕಾರದ ಪೊಲೀಸಲ್ಲ, ಊರಿನ ಪೊಲೀಸು. ಆಗ ನಮ್ಮ ಯೊರುಬಾ ಸೀಮೆಯಲ್ಲಿ ಎರಡೂ ಇದ್ದವು. ಸರ್ಕಾರದವರ ಹತ್ತಿರ ಬಂದೂಕು. ಎಲ್ಲಿಂದಲೋ ಬರುವರು, ಎಲ್ಲಿಗೋ ವರ್ಗವಾಗಿ ಹೋಗುವರು, ನಮ್ಮ ಮಾತು ಅವರಿಗೆ ಅರ್ಥವಾಗದು. ಊರಿನವರಿಗೆ ಖಾಕಿ ಚಡ್ಡಿ, ಕೈಯಲ್ಲೊಂದು ದೊಣ್ಣೆ. ಜನ ಅವರನ್ನು ಓಲೋಪಾ, ಅಂದರೆ ದೊಣ್ಣೆಯವನು, ಅಂತಲೇ ಕರೆಯುತ್ತಿದ್ದರು. ಭಾವನ ಅಪ್ಪ ಊರ ಅರಸನ ಅರಮನೆಯ ಕೋಲು ಹಿಡಿದು ಮನೆಮನೆಗೆ ಹೋಗಿ ಜನರನ್ನು ನ್ಯಾಯಕ್ಕೆ ಕರೆತರುತ್ತಿದ್ದವರು. ಬಿಳಿಯರು ಬಂದ ಮೇಲೆ ಆ ಕೋಲಿನವರಿಗೇ ಖಾಕಿ ತೊಡಿಸಿದರು. ಆಮೇಲೆ ಊರಿಗೆ ಪರಿಷತ್ತು ಬಂತು, ಓಲೋಪಾಗಳು ಪರಿಷತ್ತಿನ ಕೈಕೆಳಗೆ ಬಂದರು.

ಬಂದೂಕಿಲ್ಲದ ಪೊಲೀಸಿಗೆ ಇದ್ದ ಬಲ ಒಂದೇ, ಊರು ಗೊತ್ತಿರುವುದು. ಯಾರ ಮೇಕೆ ಯಾರ ಗೆಣಸಿನ ಪಾತಿಗೆ ನುಗ್ಗುತ್ತದೆ, ಯಾವ ಗಂಡ ಕುಡಿದು ಬಂದು ಹೊಡೆಯುತ್ತಾನೆ, ಎಲ್ಲ ಭಾವನಿಗೆ ಗೊತ್ತು. ಠಾಣೆಗೆ ಎಳೆದೊಯ್ದದ್ದಕ್ಕಿಂತ ಜಗುಲಿಯ ಮೇಲೆ ಕೂತು ರಾಜಿ ಮಾಡಿಸಿದ್ದೇ ಹೆಚ್ಚು. ನಾನು ಅಕ್ಕ ನಿಮೋತಾಳ ಜೊತೆ ಆ ಮನೆಯಲ್ಲೇ ಇದ್ದೆ. ನಾವಿಬ್ಬರೂ ಅಲಸಂದೆ ವಡೆ ಕರಿದು ಮಾರುತ್ತಿದ್ದೆವು. ಭಾವ ಬೀದಿಗಿಳಿದರೆ ಮಕ್ಕಳು ಹಿಂದೆ ಬೀಳುತ್ತಿದ್ದವು.

ದರ್ಜಿ ಜಿನಾಡು ಭಾವನ ಜೀವದ ಗೆಳೆಯ. ಇಬ್ಬರೂ ಒಂದೇ ದಿನ ಖುರಾನು ಕಲಿಯಲು ಕೂತವರು. ಭಾವನ ಖಾಕಿ ಹೊಲಿಯುವವನೂ ಅವನೇ. ಹೊಲಿಯುವಾಗೆಲ್ಲ ಒಂದು ಚುಚ್ಚುಮಾತು ಇದ್ದೇ ಇತ್ತು.

"ಪೊಲೀಸಪ್ಪ, ಸೊಂಟ ಮತ್ತೆ ಎರಡು ಬೆರಳು ಬೆಳೆದಿದೆ. ಕಳ್ಳ ಓಡಿದ್ರೆ ನೀನು ಉರುಳ್ಕೊಂಡೇ ಹಿಡೀಬೇಕು!"

"ನೀನು ಕದ್ದು ನೋಡು, ಆಮೇಲೆ ಗೊತ್ತಾಗುತ್ತೆ."

ಒಂದು ವರ್ಷ ಚುನಾವಣೆ ಬಂತು. ಸರ್ಕಾರದವರು ಊರಿನ ಹಳೆಯ ಪರಿಷತ್ತನ್ನು ಕಿತ್ತುಹಾಕಿ ಆಳುವ ಪಕ್ಷದವರನ್ನು ಕೂರಿಸಿದರು. ಹೊಸ ಅಧ್ಯಕ್ಷ ಬಂದವನೇ, ಊರ ಪೊಲೀಸೆಂದರೆ ತನ್ನ ಮನೆಯ ಆಳು ಅಂದುಕೊಂಡ. ಎದುರು ಪಕ್ಷದ ಪರ ಮಾತಾಡುವವರನ್ನು ಒಬ್ಬೊಬ್ಬರನ್ನಾಗಿ ಹಿಡಿಸತೊಡಗಿದ. ಜಿನಾಡುವಿನ ಅಂಗಡಿಯಲ್ಲಿ ದಿನವೂ ಜನ ಸೇರಿ ರಾಜಕೀಯ ಮಾತಾಡುತ್ತಿದ್ದರು. ಅವನ ಬಾಯಿಗಂತೂ ಬೀಗವೇ ಇರಲಿಲ್ಲ.

ಒಂದು ಮಧ್ಯಾಹ್ನ ಭಾವ ಮನೆಗೆ ಬಂದು ಊಟಕ್ಕೆ ಕೂತರು, ಆದರೆ ತಟ್ಟೆಗೆ ಕೈ ಹಾಕಲಿಲ್ಲ.

"ಜಿನಾಡುನ್ನ ಕರ್ಕೊಂಡ್ಬಾ ಅಂದಿದ್ದಾರೆ," ಅಂದರು.

ಅಕ್ಕ ಸೌಟು ಕೆಳಗಿಟ್ಟಳು. "ಹೋಗ್ಬೇಡಿ. ಮೈಗೆ ಹುಷಾರಿಲ್ಲ ಅನ್ನಿ."

"ನಾನು ಹೋಗದಿದ್ರೆ ಬೇರೆಯವರು ಹೋಗ್ತಾರೆ, ನಿಮೋತಾ. ದಾರಿಯುದ್ದಕ್ಕೂ ಹೊಡ್ಕೊಂಡು ಬರ್ತಾರೆ. ನಾನು ಹೋದ್ರೆ ಒಂದೇಟೂ ಬೀಳಲ್ಲ."

ಅದು ಸುಳ್ಳಾಗಿರಲಿಲ್ಲ. ನನಗೂ ಆಗ ಸರಿಯೆಂದೇ ತೋರಿತು.

ಜಿನಾಡು ಎರಡು ದಿನದಿಂದ ಅಡಗಿದ್ದ. ಎಲ್ಲಿ ಎಂದು ಪರಿಷತ್ತಿಗೆ ಗೊತ್ತಿರಲಿಲ್ಲ, ಭಾವನಿಗೆ ಗೊತ್ತಿತ್ತು. ಅವನ ಅವ್ವನ ಮನೆಯ ಹಿತ್ತಲಲ್ಲಿ ಬಟ್ಟೆಗಳನ್ನು ನೀಲಿ ಬಣ್ಣಕ್ಕೆ ಅದ್ದುವ ಕೊಟ್ಟಿಗೆಯಿತ್ತು, ಅವನು ಅಡಗಿದ್ದು ಅಲ್ಲೇ. ಭಾವ ಅಲ್ಲಿ ನಿಂತು ಕೂಗಿದರು. "ಜಿನಾಡು, ನಾನು ಕಣೋ. ಬಾ. ಒಂದೆರಡು ಮಾತು ಕೇಳ್ತಾರೆ, ಸಂಜೆಗೆ ಮನೇಲಿರ್ತೀಯ."

ಮುದುಕಿ ಮಗನನ್ನು ತಾನೇ ಹೊರಗೆ ಕಳಿಸಿದಳು. "ಅದಿಸಾ ಕರೀತಿದ್ದಾನೆ. ಅವನ ಜೊತೆ ಹೋಗೋದಕ್ಕೇನು ಭಯ?"

ಭಾವ ಅವನನ್ನು ಊರ ಠಾಣೆಯಲ್ಲಿ ಬಿಟ್ಟ ಕೂಡಲೇ, ಸಂತೆಗೆ ಕಾವಲು ಹೋಗೆಂದು ಹುಕುಂ ಬಂತು. ಹೋದರು. ಸಂಜೆ ಅಧ್ಯಕ್ಷನ ಪಕ್ಷದ ಪುಂಡರು ಲಾರಿಯಲ್ಲಿ ಬಂದರು, ಠಾಣೆಯ ಬಾಗಿಲನ್ನು ಯಾರೋ ಒಳಗಿನಿಂದಲೇ ತೆರೆದರು. ಮರುದಿನ ಜಿನಾಡುವಿನ ಹೆಣ ಹೊಳೆಯ ದಂಡೆಯಲ್ಲಿ ಸಿಕ್ಕಿತು.

ಆಮೇಲೆ ಊರು ಹೊತ್ತಿ ಉರಿಯಿತು. ಅಧ್ಯಕ್ಷನ ಮನೆ ಸುಟ್ಟರು, ಅವನು ಓಡಿಹೋದ. ನಮ್ಮ ಮನೆ ಸುಡಲಿಲ್ಲ. ಆದರೆ ನಮ್ಮ ವಡೆ ಕೊಳ್ಳುವುದನ್ನು ಬಿಟ್ಟರು. ಭಾವ ಬೀದಿಗೆ ಬಂದರೆ ಅಮ್ಮಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸೈನ್ಯದವರು ದೇಶದ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಊರ ಪೊಲೀಸೆಂಬುದೇ ಇನ್ನಿಲ್ಲ ಅಂದರು. ತಕ್ಕವರನ್ನು ಸರ್ಕಾರದ ಪಡೆಗೆ ಸೇರಿಸಿ ದೂರದ ಊರುಗಳಿಗೆ ಹಾಕುತ್ತೇವೆ, ಉಳಿದವರು ಮನೆಗೆ ಹೋಗಬಹುದು ಎಂದರು. ಭಾವನನ್ನು ಆರಿಸಿದರು. ಅಕ್ಕ ಕೈಯೆತ್ತಿ ಅಲ್ಲಾಹನನ್ನು ನೆನೆಯುವಷ್ಟು ಸಂತೋಷಪಟ್ಟಳು. "ಎಲ್ಲಾದ್ರೂ ಸರಿ, ನಮ್ಮ ಮುಖ ಗೊತ್ತಿಲ್ಲದ ಕಡೆ ಹೋಗೋಣ."

ಭಾವ ಮಾತ್ರ ಒಪ್ಪಲಿಲ್ಲ. "ಓಡಿಹೋದ ಅಂತಾರೆ. ಮೊದಲು ಜಿನಾಡುನ ಅವ್ವನ್ನ ನೋಡ್ಬೇಕು."

ನಾವು ಮೂವರೂ ಹೋದೆವು. ಮುದುಕಿ ಬಣ್ಣದ ಗಡಿಗೆಗಳ ಮಧ್ಯೆ ಕೂತಿದ್ದಳು, ಕೈಗಳು ಮೊಣಕೈವರೆಗೂ ನೀಲಿ. ಭಾವ ಅವಳ ಮುಂದೆ ಕೆಸರಿನಲ್ಲೇ ಉದ್ದಕ್ಕೆ ಬಿದ್ದರು.

"ಅವ್ವಾ, ನಾನು ಬೇಕಂತ ಮಾಡಲಿಲ್ಲ."

"ಗೊತ್ತು," ಅಂದಳು. "ಬೇಕಂತ ಮಾಡಿದ್ರೆ ಶಾಪ ಹಾಕ್ತಿದ್ದೆ, ಮನಸ್ಸು ಹಗುರಾಗ್ತಿತ್ತು."

"ಏನು ಶಿಕ್ಷೆ ಬೇಕಾದ್ರೂ ಕೊಡು."

"ಎದ್ದೇಳು, ಮಗಾ. ನಿನ್ನ ದನಿ ಕೇಳಿದಾಗೆಲ್ಲ, ಜಿನಾಡುನ್ನ ಕರೀತಿದ್ದೀಯ ಅಂತ್ಲೇ ಅನ್ಸುತ್ತೆ. ನನ್ನ ಕಿವಿಗೆ ಬೀಳದಷ್ಟು ದೂರ ಹೋಗ್ಬಿಡು."

ಭಾವ ಒಬ್ಬರೇ ಉತ್ತರದ ತುದಿಯಲ್ಲಿರುವ ಸೊಕೊಟೊ ಊರಿಗೆ ಹೋದರು. ಅಕ್ಕನನ್ನು ಕರೆದೊಯ್ಯಲು ಒಪ್ಪಲಿಲ್ಲ. ಒಂದು ಸಲ ನಾವೇ ರೈಲಿನಲ್ಲಿ, ಲಾರಿಯಲ್ಲಿ ಹೋಗಿ ನೋಡಿದೆವು. ರಸ್ತೆಗಳು ಕೂಡುವ ಧೂಳಿನ ವೃತ್ತದಲ್ಲಿ ನಿಂತು ಒಂಟೆ, ಲಾರಿಗಳಿಗೆ ಕೈಬೀಸಿ ದಾರಿ ಬಿಡುತ್ತಿದ್ದರು. ಸೊಂಟ ಕರಗಿಹೋಗಿತ್ತು. ಅಲ್ಲಿಯ ಮಾತು ಕಲಿತಿರಲಿಲ್ಲ.

"ಕಲೀಬಾರ್ದೇನ್ರಿ? ಅಕ್ಕಪಕ್ಕದೋರ ಹತ್ರ ಮಾತಾಡ್ಬಹುದಲ್ಲ," ಅಂದಳು ಅಕ್ಕ.

"ಬೇಡ," ಅಂದರು ಭಾವ. "ಯಾರ ಮನೇನೂ ಗೊತ್ತಿಲ್ಲದಿದ್ರೇ ವಾಸಿ."

ಎರಡನೆಯ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಅವರ ಹೆಸರೂ ಸರಿಯಾಗಿ ಹೇಳಲು ಬಾರದ ಪೊಲೀಸರು ಅಲ್ಲೇ ಮಣ್ಣು ಮಾಡಿದರಂತೆ. ಸುದ್ದಿ ನಮಗೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಸುದ್ದಿ ಬಂದ ಎಂಟನೆಯ ದಿನ, ಸತ್ತವರಿಗಾಗಿ ಮಾಡುವ ಪ್ರಾರ್ಥನೆಗೆ ಅಕ್ಕ ಅಂಗಳ ಗುಡಿಸಿ ಚಾಪೆ ಹಾಸಿದಳು, ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯಿಸಿದಳು. ಮೌಲ್ವಿ ಬಂದರು, ಭಾವನ ಜೊತೆಯಲ್ಲಿದ್ದ ಇಬ್ಬರು ಓಲೋಪಾಗಳು ಬಂದರು. ಮಿಕ್ಕ ಚಾಪೆಗಳು ಖಾಲಿಯೇ ಉಳಿದವು. ಪ್ರಾರ್ಥನೆ ಅರ್ಧವಾಗಿರುವಾಗ ಜಿನಾಡುವಿನ ಅವ್ವ ಕೋಲೂರಿಕೊಂಡು ಬಂದು ಹೊಸ್ತಿಲ ಹತ್ತಿರ ಕೂತಳು.

ಅಕ್ಕ ಅನ್ನದ ತಟ್ಟೆ ಹಿಡಿದು ಅವಳ ಮುಂದೆ ಮಂಡಿಯೂರಿದಳು.

"ಊಟ ಬೇಡ ಕಣೇ," ಅಂದಳು ಮುದುಕಿ. "ಅವನಿಗೋಸ್ಕರ ಬಂದಿಲ್ಲ ನಾನು. ನೀನೊಬ್ಬಳೇ ಇರ್ತೀಯ ಅಂತ ಬಂದೆ."

ಅಕ್ಕ ಅಲ್ಲಿಯವರೆಗೂ ಅತ್ತಿರಲಿಲ್ಲ. ಆಗ ಅತ್ತಳು. ಮುದುಕಿ ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಮೌಲ್ವಿ ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಅಕ್ಕ ಅವಳ ತೋಳು ಹಿಡಿದು ಚರಂಡಿ ದಾಟಿಸಿ, ಅವಳ ಮನೆಯವರೆಗೂ ಬಿಟ್ಟು ಬಂದಳು.